ಹಿತ್ತಿಲು, ಕಟ್ಟೆ, ಚಟ್ಟಿ: ಕರಾವಳಿ ಕರ್ನಾಟಕದ ಮನೆತೋಟದ ಚರಿತ್ರೆ

ಕರ್ನಾಟಕದ ಉದ್ಯಾನಗಳ ಚರಿತ್ರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಅರಮನೆಯ ತೋಟಗಳಿಂದ ಆರಂಭವಾಗಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನೆಲೆಗೊಳ್ಳುತ್ತವೆ. ಇದಕ್ಕೆ ಕಾರಣವೂ ಸ್ಪಷ್ಟ. 1760ರಲ್ಲಿ ಹೈದರಾಲಿಯ ಕಾಲಕ್ಕೆ ಆರಂಭಗೊಂಡು 1856ರಲ್ಲಿ ಸರಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗಿಗೆ ದಾಖಲೆಗಳಿವೆ, ಅಧಿಕಾರಿಗಳ ಹೆಸರುಗಳಿವೆ, ತರಿಸಿದ ಗಿಡಗಳ ಪಟ್ಟಿಗಳಿವೆ. ಆದರೆ ಕಾರವಾರದಿಂದ ಉಳ್ಳಾಲದವರೆಗೆ ಹಬ್ಬಿರುವ ಕಡಲತಡಿಯಲ್ಲಿ ಪ್ರತಿಯೊಂದು ಮನೆಯ ಮುಂದೆ ಮತ್ತು ಹಿಂದೆ ತಲೆಮಾರುಗಳಿಂದ ಬೆಳೆದುಬಂದ ತೋಟಕ್ಕೆ ಇಂತಹ ಯಾವ ಕಡತವೂ ಇಲ್ಲ. ಬಸಳೆಯ ಚಪ್ಪರ, ಹರಿವೆಯ ಪಾತಿ, ತುಳಸಿಕಟ್ಟೆ, ಜಗಲಿಯ ಅಂಚಿನಲ್ಲಿ ಸಾಲಾಗಿ ಇರಿಸಿದ ಹೂಚಟ್ಟಿಗಳು ಇವು ದಿನನಿತ್ಯದ ಬದುಕಿನೊಂದಿಗೆ ಎಷ್ಟು ಬೆರೆತಿವೆಯೆಂದರೆ ಅವುಗಳಿಗೂ ಒಂದು ಚರಿತ್ರೆ ಇರಬಹುದೆಂಬ ಭಾವನೆಯೇ ಮೂಡುವುದಿಲ್ಲ.

ಈ ಮನೆತೋಟದ ಬೆಳವಣಿಗೆಯನ್ನು, ಅದರಲ್ಲಿಯೂ ವಿಶೇಷವಾಗಿ ಗಿಡವನ್ನು ನೆಲದಿಂದ ಬೇರ್ಪಡಿಸಿ ಕಟ್ಟೆಯಲ್ಲಿ ಅಥವಾ ಕುಂಡದಲ್ಲಿ ಬೆಳೆಸುವ ಮತ್ತು ಆ ಕುಂಡವನ್ನು ಅಲಂಕರಿಸುವ ರೂಢಿಯನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಕರಾವಳಿಯ ಮನೆತೋಟ ಬಾಳಿಕೆಯಿಂದ ಉಳಿದುಬಂದುದಲ್ಲ. ಪ್ರತಿವರ್ಷವೂ ಮರಳಿ ಮಾಡುವ ಕ್ರಿಯೆಯಿಂದ ಉಳಿದುಬಂದುದು. ಮಳೆ ಅಳಿಸಿದ್ದನ್ನು ಮರಳಿ ಬರೆಯುವ, ಕೊಳೆತ ಬಳ್ಳಿಯ ತುಂಡನ್ನು ಮರಳಿ ನೆಡುವ ಕೈಗಳೇ ಈ ಚರಿತ್ರೆಯ ಭಂಡಾರ. ಆ ಕೈಗಳು ಬಹುಮಟ್ಟಿಗೆ ಹೆಂಗಸರವು.

ನೆಲ ಮತ್ತು ಮಳೆ

ಕರಾವಳಿಯ ತೋಟಗಾರಿಕೆಯನ್ನು ಅರಿಯಲು ಅಲ್ಲಿನ ಮಳೆಯನ್ನು ಮೊದಲು ಅರಿಯಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ನೆಲ ಒಣಗಿ ಬಿರಿಯುತ್ತದೆ. ಒಂದೇ ಅಂಗಳ ಅರ್ಧ ವರ್ಷ ಕೆರೆಯಂತೆಯೂ ಉಳಿದರ್ಧ ಬಯಲಿನಂತೆಯೂ ವರ್ತಿಸುತ್ತದೆ.

ನೆಲದ ಗುಣವೂ ಇದಕ್ಕೆ ಪೂರಕವಾದುದು. ಕಡಲಿಗೆ ಸಮೀಪದಲ್ಲಿ ನೀರನ್ನು ಹಿಡಿದಿಡದ ಮರಳು. ಸ್ವಲ್ಪ ಒಳಗೆ ಸರಿದರೆ ಮುರಕಲ್ಲಿನ ಗಟ್ಟಿ ನೆಲ. ಈ ಕಲ್ಲಿಗೆ ಇಂದು ಲೋಕದ ಭೂವಿಜ್ಞಾನ ಬಳಸುವ 'ಲ್ಯಾಟರೈಟ್' ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ 1800 ಮತ್ತು 1801ರಲ್ಲಿ ಸಂಚರಿಸಿದ ಆತನ ಗ್ರಂಥ 1807ರಲ್ಲಿ ಪ್ರಕಟವಾಯಿತು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲು ಮನೆಯ ಗೋಡೆಗೆ ಎಷ್ಟು ಒಳ್ಳೆಯದೋ ಗಿಡದ ಬೇರಿಗೆ ಅಷ್ಟೇ ಕಷ್ಟದ್ದು. ಧಾರಾಕಾರ ಮಳೆಗೆ ಮೇಲ್ಮಣ್ಣಿನ ಸತ್ವ ಕೊಚ್ಚಿಹೋಗಿ ಕಬ್ಬಿಣದ ಅಂಶವಷ್ಟೇ ಉಳಿದಿರುತ್ತದೆ.

ಹೀಗಾಗಿ ಕರಾವಳಿಯಲ್ಲಿ ಮನೆತೋಟ ಮಾಡುವುದೆಂದರೆ ಮೊದಲು ಮಣ್ಣನ್ನು ಮಾಡುವುದು ಎಂದೇ ಅರ್ಥ. ದರಗು, ಕಸಕಡ್ಡಿಗಳನ್ನು ಮಣ್ಣಿನೊಂದಿಗೆ ಒಟ್ಟಿ ನಿಧಾನವಾಗಿ ಸುಟ್ಟು ಸುಡುಮಣ್ಣು ಮಾಡುವ ರೂಢಿ, ಹಟ್ಟಿಗೊಬ್ಬರವನ್ನು ಮಳೆಗೆ ಮುನ್ನ ಬುಡಕ್ಕೆ ಹಾಕುವ ರೂಢಿ, ಮೀನಿನ ತ್ಯಾಜ್ಯವನ್ನು ತೆಂಗಿನ ಬುಡದಲ್ಲಿ ಹೂಳುವ ರೂಢಿ ಈ ಅಗತ್ಯದಿಂದಲೇ ಹುಟ್ಟಿದವು. ಬೇರು ಕೊಳೆಯದಂತೆ ಮಳೆಗಾಲದ ತರಕಾರಿಗೆ ಏರು ಮಾಡುವುದು, ಬೇಸಿಗೆಯ ತರಕಾರಿಗೆ ನೀರು ನಿಲ್ಲುವಂತೆ ತಗ್ಗು ಮಾಡುವುದು ಎಂಬ ಎರಡು ವಿರುದ್ಧ ಕ್ರಮಗಳನ್ನು ಒಂದೇ ಹಿತ್ತಿಲು ವರ್ಷದಲ್ಲಿ ಎರಡು ಬಾರಿ ಕಾಣುತ್ತದೆ. ಗಿಡವನ್ನು ನೆಲದಿಂದ ಎತ್ತರಿಸಿ ಬೇಕಾದ ಮಣ್ಣನ್ನು ತುಂಬಿ ಬೆಳೆಸುವ ಕಟ್ಟೆ ಮತ್ತು ಕುಂಡ ಈ ಎರಡೂ ಸಮಸ್ಯೆಗಳಿಗೆ ಒಮ್ಮೆಗೇ ದೊರೆತ ಉತ್ತರವಾಗಿವೆ. ಬುಡದ ತೂತಿನಿಂದ ನೀರು ಹರಿದುಹೋಗುತ್ತದೆ. ಸುಟ್ಟ ಮಣ್ಣಿನ ಸೂಕ್ಷ್ಮರಂಧ್ರಗಳಿಂದ ತೇವ ಆವಿಯಾಗಿ ಬೇರು ತಂಪಾಗಿರುತ್ತದೆ. ಮಳೆ ಜೋರಾದಾಗ ಕುಂಡವನ್ನು ಮಾಡಿನ ಕೆಳಗೆ ಸರಿಸಬಹುದು.

ಗ್ರಂಥಗಳ ತೋಟ, ಮನೆಯ ಹಿತ್ತಿಲು

ಕನ್ನಡ ನಾಡಿನಲ್ಲಿ ಗಿಡಮರಗಳ ಪೋಷಣೆಯನ್ನು ಕುರಿತ ಬರಹದ ಪರಂಪರೆ ದೀರ್ಘವಾದುದು. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಮೀಸಲಾದ ಭಾಗವಿದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ರಾಜರ ವನವಿಹಾರವನ್ನು ವಿವರಿಸುವಾಗ ಉದ್ಯಾನದ ವಿಚಾರವನ್ನೂ ತರುತ್ತದೆ. ಕರಾವಳಿಯ ಬಹುಭಾಗವನ್ನು ಆಳಿದ ಕೆಳದಿಯ ಅರಸರಲ್ಲಿ ಬಸವಪ್ಪ ನಾಯಕ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವ ರತ್ನಾಕರ'ವೂ ಇಂತಹ ವಿಶ್ವಕೋಶ ಸ್ವರೂಪದ ಕೃತಿ.

ಆದರೆ ಇವು ಆಸ್ಥಾನದ ದೃಷ್ಟಿಯಿಂದ ರಚಿತವಾದ ಗ್ರಂಥಗಳು. ಅವುಗಳಲ್ಲಿ ತೋಟವೆಂದರೆ ವಿಸ್ತಾರವಾದ ಉಪವನ. ಶಾಸನಗಳು ಹೇಳುವ ತೋಟಗಳೂ ದಾನಕ್ಕೆ, ತೆರಿಗೆಗೆ, ದೇವರ ಹೂವಿನ ವ್ಯವಸ್ಥೆಗೆ ಸಂಬಂಧಪಟ್ಟವು. ಬ್ರಿಟಿಷ್ ಆಡಳಿತದ ಕಂದಾಯ ವ್ಯವಸ್ಥೆಯಲ್ಲಿಯೂ ಇದೇ ಧೋರಣೆ ಮುಂದುವರಿಯಿತು. ಭೂಮಿಯನ್ನು ನಂಜ, ಪುಂಜ, ಬಾಗಾಯ್ತು ಎಂದು ವಿಂಗಡಿಸಲಾಯಿತು. ಭತ್ತದ ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಗುರುತಿಸಲಾಯಿತು. ಬಾಗಾಯ್ತು ಎಂದರೆ ತೆಂಗು ಮತ್ತು ಅಡಿಕೆ. ಬಾವಿಕಟ್ಟೆಯ ಪಕ್ಕದ ಕೆಸು, ಬಚ್ಚಲ ನೀರು ಹರಿಯುವಲ್ಲಿನ ಬಸಳೆ, ಬೇಲಿಯ ಮೇಲಿನ ತೊಂಡೆ ಈ ಯಾವ ವರ್ಗಕ್ಕೂ ಸೇರಲಿಲ್ಲ. 1883ರಲ್ಲಿ ಪ್ರಕಟವಾದ ಕೆನರಾ ಜಿಲ್ಲೆಯ ಗೆಜೆಟಿಯರ್, 1894ರಲ್ಲಿ ಹೊರಬಂದ ಸ್ಟರಕ್‌ನ ದಕ್ಷಿಣ ಕೆನರಾ ಕೈಪಿಡಿ ಮುಂತಾದ ಆಕರಗಳು ಬೆಳೆಗಳ ಬಗೆಗೆ ಅಪಾರ ಮಾಹಿತಿಯನ್ನು ಒದಗಿಸಿದರೂ ಅವುಗಳ ಗಮನವಿರುವುದು ಹೊಲ, ತೋಟ, ಕಾಡುಗಳ ಮೇಲೆ. ತೆರಿಗೆಗೆ ಸಿಲುಕದಿದ್ದುದು ದಾಖಲೆಗೂ ಸಿಲುಕಲಿಲ್ಲ.

ಪ್ರವಾಸಿಗಳ ಬರಹಗಳಲ್ಲಿ ಮಾತ್ರ ಅಂಗಳದ ಒಂದೆರಡು ನೋಟಗಳು ದೊರೆಯುತ್ತವೆ. 1623ರಲ್ಲಿ ಹೊನ್ನಾವರದಿಂದ ಇಕ್ಕೇರಿಗೆ ಪಯಣಿಸಿದ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆ ಸೆಗಣಿ ಸಾರಿಸಿದ ನೆಲದ ನುಣುಪನ್ನು ಕಂಡು ಮೆಚ್ಚಿ, ತನ್ನ ದೇಶದಲ್ಲಿಯೂ ಅದನ್ನು ಪ್ರಯೋಗಿಸಿ ನೋಡಬೇಕೆಂದು ಬರೆದುಕೊಂಡಿದ್ದಾನೆ. ಮನೆಯ ಹೆಂಗಸರ ನಿತ್ಯದ ಕೆಲಸವೊಂದು ಪರದೇಶಿಯ ಕಣ್ಣಿಗೆ ಕೌಶಲವಾಗಿ ಕಂಡುದು ಇಲ್ಲಿ ಗಮನಾರ್ಹ.

ಕಡಲಾಚೆಯಿಂದ ಬಂದ ಗಿಡಗಳು

ಬರಹದ ಆಕರಗಳು ಮೌನವಾಗಿರುವಲ್ಲಿ ಗಿಡಗಳ ಹೆಸರುಗಳು ಮಾತನಾಡುತ್ತವೆ. ಘಟ್ಟದ ಮೇಲಿನ ಕನ್ನಡಿಗರು ಆಲೂಗಡ್ಡೆ ಎನ್ನುವುದನ್ನು ಕರಾವಳಿಯವರು ಬಟಾಟೆ ಎನ್ನುತ್ತಾರೆ. ಇದು ಪೋರ್ಚುಗೀಸ್ ಭಾಷೆಯ ಮಾತು. ಅನಾನಸು, ಪಪ್ಪಾಯಿಗಳ ಹೆಸರುಗಳೂ ಅದೇ ದಾರಿಯಿಂದ ಬಂದವು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಅಮೆರಿಕ ಖಂಡದ ಅನೇಕ ಸಸ್ಯಗಳು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ಒಳನಾಡನ್ನು ಸೇರಿದವು. ಗೇರು, ಮೆಣಸಿನಕಾಯಿ, ಪೇರಳೆ, ಸೀತಾಫಲಗಳು ಈ ಗುಂಪಿನವು. ಜೀಗುಜ್ಜೆ ಎಂದು ತುಳುನಾಡಿನಲ್ಲಿ ಹೆಸರಾದ ಕಾಯಿ ಶಾಂತಸಾಗರದ ದ್ವೀಪಗಳ ಮೂಲದ್ದು. ಅದರ ಇನ್ನೊಂದು ಹೆಸರಾದ ದೀವಿಹಲಸು ಎಂಬುದರಲ್ಲಿ ದ್ವೀಪದ ನೆನಪೇ ಉಳಿದಿದೆ.

ಹೂಗಿಡಗಳ ವಿಷಯದಲ್ಲಿ ಈ ಬೆರಕೆ ಇನ್ನೂ ಸ್ವಾರಸ್ಯಕರವಾಗಿದೆ. ದೇಗುಲದ ಅಂಗಳದಲ್ಲಿ ಬೆಳೆಯುವ ದೇವಕಣಗಿಲೆ, ದೀಪಾವಳಿಯ ತೋರಣಕ್ಕೆ ಬೇಕಾದ ಚೆಂಡುಹೂ, ಮುಸ್ಸಂಜೆಗೆ ಅರಳುವ ಸಂಜೆಮಲ್ಲಿಗೆ ಮೂರೂ ಅಮೆರಿಕದಿಂದ ಬಂದವು. ಪೂಜೆಗೆ ತಪ್ಪದೆ ಒದಗುವ ನಿತ್ಯಪುಷ್ಪ ಮಡಗಾಸ್ಕರಿನದು. ಕುಂಡಗಳ ಸಾಲಿನಲ್ಲಿ ಎದ್ದುಕಾಣುವ ಕ್ರೋಟನ್ ಮಲಯ ದ್ವೀಪಗಳ ಕಡೆಯದು. ಇವುಗಳ ಪಕ್ಕದಲ್ಲಿಯೇ ಈ ನೆಲದ ಕೇಪಳ, ಕರ್ಣಕುಂಡಲ, ಅಬ್ಬಲಿಗೆಗಳೂ ಇವೆ. ಯಾವುದು ಒಳಗಿನದು, ಯಾವುದು ಹೊರಗಿನದು ಎಂಬ ಭೇದವನ್ನು ಹಿತ್ತಿಲು ಎಣಿಸಲಿಲ್ಲ. ಗಿಡ ಬೇರೂರಿತೇ, ಹೂ ಕೊಟ್ಟಿತೇ ಎಂಬುದಷ್ಟೇ ಅದರ ಪರೀಕ್ಷೆ. ಹೆಸರನ್ನು ಮಾತ್ರ ಕನ್ನಡದ ಜಾಯಮಾನಕ್ಕೆ ಒಗ್ಗಿಸಿ, ಸಂಜೆ ಅರಳಿದ್ದಕ್ಕೆ ಸಂಜೆಮಲ್ಲಿಗೆ ಎಂದೂ ನಿತ್ಯ ಅರಳಿದ್ದಕ್ಕೆ ನಿತ್ಯಪುಷ್ಪ ಎಂದೂ ಕರೆಯಲಾಯಿತು.

ಮನೆಮದ್ದಿನ ಗಿಡಗಳ ತಿಳಿವಳಿಕೆ ಒಮ್ಮೆ ಮಾತ್ರ ದೊಡ್ಡ ಪ್ರಮಾಣದಲ್ಲಿ ಗ್ರಂಥಸ್ಥವಾಯಿತು. ಕೊಚ್ಚಿಯಲ್ಲಿ ಡಚ್ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ 'ಹೊರ್ಟುಸ್ ಮಲಬಾರಿಕುಸ್' 1678ರಿಂದ 1693ರ ಅವಧಿಯಲ್ಲಿ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾಯಿತು. ಮಲಯಾಳದ ವೈದ್ಯ ಇಟ್ಟಿ ಅಚ್ಯುತನ್ ಅವರೊಂದಿಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಇದಕ್ಕೆ ನೆರವಾದರು. ಗಿಡಗಳ ಕೊಂಕಣಿ ಹೆಸರುಗಳು ನಾಗರಿ ಲಿಪಿಯಲ್ಲಿ ಅಚ್ಚಾದವು. ಮಲಬಾರಿನ ಗಿಡಗಳನ್ನು ಕುರಿತ ಗ್ರಂಥವಾದರೂ ಅಲ್ಲಿ ಚಿತ್ರಿತವಾದ ಎಷ್ಟೋ ಸಸ್ಯಗಳು ಕೆನರಾದ ಹಿತ್ತಿಲಿನಲ್ಲಿಯೂ ಬೆಳೆಯುವಂತಹವು. ಆದರೆ ಆ ಗಿಡಗಳನ್ನು ನೆಟ್ಟು ಸಲಹಿದ ಹೆಂಗಸರ ಒಂದು ಹೆಸರೂ ಆ ಸಾಕ್ಷ್ಯದಾರರ ಸಾಲಿನಲ್ಲಿಲ್ಲ.

ತುಳಸಿಕಟ್ಟೆ: ಅಲಂಕೃತ ಕುಂಡದ ಮೂಲಮಾದರಿ

ಕರಾವಳಿಯ ಮನೆಯಲ್ಲಿ ಗಿಡಕ್ಕಾಗಿಯೇ ಕಟ್ಟಿದ, ಅಲಂಕಾರವನ್ನೂ ಪಡೆದ ಆಸರೆಯೆಂದರೆ ತುಳಸಿಕಟ್ಟೆ. ಮುರಕಲ್ಲಿನಿಂದಲೋ ಮಣ್ಣಿನಿಂದಲೋ ಕಟ್ಟಿದ ಈ ಚೌಕ ಪೀಠದ ನೆತ್ತಿಯಲ್ಲಿ ಮಣ್ಣು ತುಂಬಲು ಗುಳಿ, ನಡುವಿನಲ್ಲಿ ದೀಪಕ್ಕೆ ಗೂಡು ಇರುತ್ತವೆ. ತೋಟಗಾರಿಕೆಯ ದೃಷ್ಟಿಯಿಂದ ನೋಡಿದರೆ ಇದು ಎತ್ತರಿಸಿದ ಕುಂಡವೇ ಸರಿ. ನೀರು ನಿಂತರೆ ಬಾಳದ ತುಳಸಿಯನ್ನು ಮಳೆಗಾಲದಲ್ಲಿ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇರಲಿಲ್ಲ. ಅಂಗಳದ ನಡುವೆ ಬಿಸಿಲು ಬೀಳುವಲ್ಲಿ ಅದನ್ನು ಕಟ್ಟುವುದರಲ್ಲಿಯೂ ಪೂಜೆ ಮತ್ತು ಕೃಷಿ ಎರಡರ ವಿವೇಕ ಒಂದಾಗಿದೆ.

ಕಟ್ಟೆಯ ಅಲಂಕಾರದಲ್ಲಿ ಎರಡು ಬಣ್ಣಗಳು ಪ್ರಧಾನ: ಕೆಮ್ಮಣ್ಣಿನ ಕೆಂಪು ಮತ್ತು ಶೇಡಿ ಅಥವಾ ಸುಣ್ಣದ ಬಿಳಿ. ಕೆಂಪು ನೆಲದ ಮುರಕಲ್ಲಿನ ಪ್ರದೇಶದಲ್ಲಿಯೇ ದೊರೆಯುತ್ತದೆ. ಬಿಳಿಗೆ ಜೇಡಿಮಣ್ಣಿನ ಶೇಡಿ ಇದೆ, ನದಿಯ ಅಳಿವೆಗಳಲ್ಲಿ ಸಿಗುವ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವಿದೆ. ಕಡಲಿನಿಂದ ಬಂದ ಬಿಳಿ, ನೆಲದಿಂದ ಬಂದ ಕೆಂಪು ಎರಡೂ ಕೊಳ್ಳದೆ ದೊರೆಯುವ ವಸ್ತುಗಳು. ಉತ್ತರ ಕನ್ನಡದಿಂದ ಗೋವೆಯವರೆಗೆ ದೇವಾಲಯಗಳ ಗೋಡೆಗಳಲ್ಲಿ ಕಾಣುವ ಕಾವಿ ಕಲೆಯಲ್ಲಿಯೂ ಇದೇ ಜೋಡಿ ಇದೆ. ಸುಣ್ಣದ ಗಾರೆಯ ಮೇಲೆ ಕಾವಿಯ ಪದರವನ್ನು ಬಳಿದು, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರತರುವುದು ಅದರ ಕ್ರಮ. ಈ ಕಲೆಯನ್ನು ಶೋಧಿಸಿ ದಾಖಲಿಸಿದ ಹಿರಿಮೆ ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002) ಅವರಿಗೆ ಸಲ್ಲುತ್ತದೆ.

ಕಾವಿ ಕಲೆ ಗೋಡೆಯ ಗಾರೆಯಲ್ಲಿ ಮೂಡಿದುದರಿಂದ ಶತಮಾನಗಳ ಕಾಲ ಉಳಿಯಿತು. ಉಳಿದುದರಿಂದ ಅದಕ್ಕೆ ಶೋಧಕರೂ ದೊರೆತರು. ತುಳಸಿಕಟ್ಟೆಯ ಮೇಲೆ, ಮಣ್ಣಿನ ಚಟ್ಟಿಯ ಮೇಲೆ ಬೆರಳಿನಿಂದ ಎಳೆದ ಶೇಡಿಯ ಗೆರೆಗಳಿಗೆ ಈ ಭಾಗ್ಯವಿಲ್ಲ. ಮೊದಲ ಮಳೆಗೇ ಅವು ತೊಳೆದುಹೋಗುತ್ತವೆ. ಮಳೆ ನಿಂತು ಅಂಗಳ ಒಣಗಿದ ಮೇಲೆ ದೀಪಾವಳಿಯಿಂದ ಕಾರ್ತಿಕ ಶುದ್ಧ ದ್ವಾದಶಿಯ ತುಳಸಿಪೂಜೆಯವರೆಗಿನ ದಿನಗಳಲ್ಲಿ ಪಾಚಿಯನ್ನು ಕೆರೆದು, ಕೆಮ್ಮಣ್ಣು ಬಳಿದು, ಚುಕ್ಕಿ-ಗೆರೆ-ಬಳ್ಳಿಗಳನ್ನು ಹೊಸದಾಗಿ ಬರೆಯಬೇಕು. ನೆಲ್ಲಿಯ ಗೆಲ್ಲನ್ನು ಕಟ್ಟೆಯಲ್ಲಿ ನೆಟ್ಟು ದೀಪ ಹಚ್ಚುವ ಆ ಹಬ್ಬ ತೋಟಗಾರಿಕೆಯ ಪಂಚಾಂಗದಲ್ಲಿಯೂ ಒಂದು ತಿರುವು. ಮಳೆಗಾಲದ ತರಕಾರಿ ಮುಗಿದು ಬೇಸಿಗೆಯ ಪಾತಿಗೆ ಕೈಹಾಕುವ ಕಾಲ ಅದು. ಹೀಗೆ ಅಲಂಕಾರ ಎಂಬುದು ಇಲ್ಲಿ ಕೇವಲ ಚೆಲುವಿನ ಸಂಗತಿಯಲ್ಲ. ಪಾಚಿ ತೆಗೆಯುವುದು, ಬಿರುಕು ಮುಚ್ಚುವುದು, ಮಣ್ಣು ಬದಲಿಸುವುದು ಎಂಬ ವಾರ್ಷಿಕ ದುರಸ್ತಿಯ ಕೊನೆಯ ಹಂತವೇ ಅಲಂಕಾರ.

ಈ ವಾರ್ಷಿಕ ಆವರ್ತನೆಗೆ ಇನ್ನೊಂದು ಉತ್ತಮ ನಿದರ್ಶನ ಗೌಡ ಸಾರಸ್ವತ ಸಮಾಜದ ಚೂಡಿ ಪೂಜೆ. ಶ್ರಾವಣದ ಶುಕ್ರವಾರ ಮತ್ತು ಭಾನುವಾರಗಳಲ್ಲಿ ಮುತ್ತೈದೆಯರು ಹಿತ್ತಿಲಿನ ಹೂ, ಚಿಗುರು, ಗರಿಕೆಗಳನ್ನು ಆಯ್ದು ಬಾಳೆನಾರಿನಿಂದ ಪುಟ್ಟ ಕಟ್ಟುಗಳನ್ನಾಗಿ ಕಟ್ಟಿ ತುಳಸಿಗೆ ಅರ್ಪಿಸುತ್ತಾರೆ. ಅನಂತರ ಅವನ್ನು ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ದೂರದ ಊರಿನ ಬಂಧುಗಳಿಗೆ ಅಂಚೆಯ ಲಕೋಟೆಯಲ್ಲಿ ಚೂಡಿ ಕಳುಹಿಸುವ ರೂಢಿಯೂ ಬೆಳೆಯಿತು. ಒಂದು ಚೂಡಿಯಲ್ಲಿ ಆ ಮನೆಯ ಹಿತ್ತಿಲಿನಲ್ಲಿ ಆ ಮಳೆಗಾಲದಲ್ಲಿ ಏನೇನು ಬೆಳೆದಿತ್ತು ಎಂಬುದರ ಪಟ್ಟಿಯೇ ಅಡಕವಾಗಿದೆ. ಮಂಗಳೂರಿನ ಕ್ರೈಸ್ತರಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮನೆಯಂಗಳದ ಹೂಗಳನ್ನು ಕೊಯ್ದು ಬಾಲೆ ಮರಿಯಳಿಗೆ ಅರ್ಪಿಸುವ ಪದ್ಧತಿಯೂ ಇದೇ ಋತುವಿನದು. ಮದುವೆಯ ಹಿಂದಿನ ದಿನದ ಮದರಂಗಿಗಾಗಿ ಬ್ಯಾರಿ ಮನೆಗಳಲ್ಲಿಯೂ ಹಿಂದೂ ಮನೆಗಳಲ್ಲಿಯೂ ಬೇಲಿಯ ಬದಿಯಲ್ಲಿ ಒಂದೇ ಗಿಡ ಬೆಳೆಯಿತು. ಮತಗಳು ಬೇರೆಯಾದರೂ ಹಿತ್ತಿಲಿನ ಪಂಚಾಂಗ ಒಂದೇ ಆಗಿತ್ತು.

ಹಂಚಿನ ಕಾರ್ಖಾನೆ ಮತ್ತು ಹೂಚಟ್ಟಿ

ಹತ್ತೊಂಬತ್ತನೆಯ ಶತಮಾನದವರೆಗೆ ಮನೆತೋಟದ ಕುಂಡವೆಂದರೆ ಬಹುಮಟ್ಟಿಗೆ ಅಡುಗೆಮನೆಯಿಂದ ನಿವೃತ್ತವಾದ ಪಾತ್ರೆ. ಕುಂಬಾರರ ತಿಗರಿಯಿಂದ ಬಂದ ಮಡಕೆ ಸೀಳು ಬಿಟ್ಟ ಮೇಲೆ ಹಿತ್ತಿಲಿಗೆ ಬಂದು ಕರಿಬೇವಿನ ಸಸಿಗೋ ದೊಡ್ಡಪತ್ರೆಗೋ ಆಸರೆಯಾಗುತ್ತಿತ್ತು. ಪೂರ್ತಿ ಒಡೆದ ಮೇಲೆ ಅದರ ಚೂರು ಇನ್ನೊಂದು ಮಡಕೆಯ ತಳದಲ್ಲಿ ನೀರು ಬಸಿಯಲು ನೆರವಾಗುತ್ತಿತ್ತು.

ಈ ಸ್ಥಿತಿಯಲ್ಲಿ ಬದಲಾವಣೆ ತಂದುದು ಹಂಚಿನ ಉದ್ಯಮ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆ ಮುದ್ರಣ, ನೇಯ್ಗೆಗಳ ಜೊತೆಗೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಮುದ್ರಣಾಲಯದ ಯಂತ್ರಗಳ ಕೆಲಸಕ್ಕೆಂದು ಬಂದಿದ್ದ ಗೇಯೊರ್ಗ್ ಪ್ಲೆಬ್‌ಸ್ಟ್ ನೇತ್ರಾವತಿ ತೀರದ ಜೇಡಿಮಣ್ಣಿನ ಗುಣವನ್ನು ಪರೀಕ್ಷಿಸಿ ಈ ಉದ್ಯಮಕ್ಕೆ ಅಡಿಪಾಯ ಹಾಕಿದನು. ಮುಂದೆ ದೇಶೀಯ ಉದ್ಯಮಿಗಳೂ ಈ ಕ್ಷೇತ್ರಕ್ಕೆ ಬಂದು ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯಲ್ಲಿ ಚಿಮಣಿಗಳ ಸಾಲೇ ಎದ್ದಿತು. ಮಂಗಳೂರು ಹಂಚು ಎಂಬ ಹೆಸರು ಕಡಲಾಚೆಗೂ ಹರಡಿತು. ಮೊದಲ ಮಹಾಯುದ್ಧದ ತರುವಾಯ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಈ ಕಾರ್ಖಾನೆಗಳಲ್ಲಿ ಮಾಡಿನ ಹಂಚಷ್ಟೇ ಅಲ್ಲದೆ ನೆಲದ ಹಂಚು, ಗವಾಕ್ಷಿ, ಮಾಡಿನ ತುದಿಯ ಅಲಂಕಾರಗಳು, ಹೂಕುಂಡಗಳು, ಹೂದಾನಿಗಳು ತಯಾರಾದವು. ಗಿಡ ನೆಡುವುದಕ್ಕೆಂದೇ ಮಾಡಿದ, ಒಂದೇ ಅಳತೆಯ, ತಳದಲ್ಲಿ ತೂತಿರುವ, ಹಣಕೊಟ್ಟು ಕೊಳ್ಳುವ ಕುಂಡ ಹೀಗೆ ಕರಾವಳಿಯ ಜಗಲಿಗೆ ಬಂದಿತು. ಬಂಗಲೆಗಳ ವರಾಂಡಾದಲ್ಲಿ, ಇಗರ್ಜಿ ಮತ್ತು ಶಾಲೆಗಳ ಮೆಟ್ಟಿಲುಗಳ ಮೇಲೆ, ವಕೀಲರ, ವರ್ತಕರ ಮನೆಗಳ ಮುಂದೆ ಕ್ರೋಟನ್, ಜರಿಗಿಡ, ಗುಲಾಬಿಗಳ ಚಟ್ಟಿಗಳು ಸಾಲಾಗಿ ಕುಳಿತವು. ಹಿತ್ತಿಲಿನ ತರಕಾರಿ ಬಳಕೆಗೆ, ಅಂಗಳದ ಹೂ ಪೂಜೆಗೆ ಎಂಬ ಹಿಂದಿನ ವಿಭಜನೆಗೆ ನೋಟಕ್ಕಾಗಿ ಬೆಳೆಸುವ ಗಿಡ ಎಂಬ ಮೂರನೆಯ ಬಗೆ ಸೇರಿಕೊಂಡಿತು.

ಆದರೂ ಕಾರ್ಖಾನೆಯ ಕುಂಡವನ್ನು ಕರಾವಳಿ ತನ್ನದೇ ರೀತಿಯಲ್ಲಿ ಸ್ವೀಕರಿಸಿತು. ಕೆಂಪಾಗಿ ಸುಟ್ಟು ಬಂದ ಚಟ್ಟಿಗೆ ಹಬ್ಬದ ಮುನ್ನ ಮತ್ತೆ ಕೆಮ್ಮಣ್ಣು ಬಳಿಯುವುದು, ಅದರ ಕಂಠಕ್ಕೆ ಬಿಳಿಯ ಪಟ್ಟಿ ಎಳೆದು ಹೊಟ್ಟೆಯ ಮೇಲೆ ಚುಕ್ಕಿ ಇಡುವುದು ತುಳಸಿಕಟ್ಟೆಯಿಂದ ಕಲಿತ ಪಾಠವೇ. ಅಚ್ಚಿನಲ್ಲಿ ಮೂಡಿದ ಏಕರೂಪದ ವಸ್ತು ಆ ಗೆರೆಗಳಿಂದ ಆ ಮನೆಯದಾಯಿತು. ಕಡಲತಡಿಯ ಮಕ್ಕಳು ಆಯ್ದು ತಂದ ಚಿಪ್ಪುಗಳನ್ನು ಹಸಿ ಸಿಮೆಂಟಿನಲ್ಲಿ ಒತ್ತಿ ಕುಂಡ ಮಾಡುವ ಇಪ್ಪತ್ತನೆಯ ಶತಮಾನದ ರೂಢಿಯೂ ಇದರ ಮುಂದುವರಿಕೆಯಾಗಿದೆ.

ಗೇಣಿಯ ನೆಲ, ಕೈಯ ಗೆಲ್ಲು

ಮನೆತೋಟದ ಚರಿತ್ರೆಯನ್ನು ಭೂ ಒಡೆತನದ ಚರಿತ್ರೆಯಿಂದ ಬೇರ್ಪಡಿಸಲಾಗದು. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಹಿಡುವಳಿಗಳು ರೂಢಿಯಲ್ಲಿದ್ದವು. ಮೂಲಗೇಣಿದಾರನಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿದಾರ ಒಡೆಯನ ಇಚ್ಛೆಗೆ ಅಧೀನನಾಗಿದ್ದ. ಇವರಿಬ್ಬರಿಗಿಂತ ಕೆಳಗೆ ಅನ್ಯರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೂಲಿಕಾರರಿದ್ದರು. ತೆಂಗಿನ ಸಸಿ ಫಲ ಕೊಡಲು ವರ್ಷಗಳು ಬೇಕು. ನಾಳೆಯ ಭರವಸೆ ಇಲ್ಲದವನು ಅದನ್ನು ಯಾವ ಧೈರ್ಯದಿಂದ ನೆಡಬೇಕು? ಅವನು ನೆಟ್ಟರೂ ಒಕ್ಕಲೆಬ್ಬಿಸಿದ ದಿನ ಮರ ನೆಲದೊಂದಿಗೆ ಹಿಂದೆ ಉಳಿಯುತ್ತಿತ್ತು.

ಬಡವರ ಹಿತ್ತಿಲಿನಲ್ಲಿ ಬಸಳೆ, ಹರಿವೆ, ಕೆಸು, ಬೆಂಡೆ, ಮುಳ್ಳುಸೌತೆಗಳೇ ಹೆಚ್ಚಾಗಿದ್ದುದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು. ಇವು ವಾರಗಳಲ್ಲಿ, ತಿಂಗಳುಗಳಲ್ಲಿ ಫಲಕೊಡುವ ಗಿಡಗಳು. ಬಸಳೆಯ ಬಳ್ಳಿಯ ತುಂಡು, ಮಲ್ಲಿಗೆಯ ಗೆಲ್ಲು, ಕೆಸುವಿನ ಗಡ್ಡೆ, ಬೂದಿ ಬೆರೆಸಿ ಕಟ್ಟಿಟ್ಟ ಬೀಜ ಇವೆಲ್ಲ ಕೈಯಲ್ಲಿ ಹಿಡಿದು ಹೋಗಬಹುದಾದ ತೋಟ. ಒಡಕು ಮಡಕೆಯ ಗಿಡವನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗಬಹುದು. ಮದುವೆಯಾಗಿ ತವರಿನಿಂದ ಹೊರಡುವ ಹೆಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ. ನೆಲದ ಪಾಲು ಅವಳಿಗಿರಲಿಲ್ಲವಾದರೂ ಗಿಡದ ಗೆಲ್ಲು ಅವಳೊಂದಿಗೆ ಹೋಗಬಹುದಾಗಿತ್ತು. ಗೆಲ್ಲುಗಳ ಈ ಕೊಡುಕೊಳ್ಳುವಿಕೆಯ ಜಾಲದಿಂದಲೇ ಹೊಸ ಗಿಡಗಳು ಬಂದರಿನಿಂದ ಘಟ್ಟದ ಬುಡದವರೆಗೆ ಹರಡಿದವು ಎಂದು ಊಹಿಸಲು ಅವಕಾಶವಿದೆ. ದೊಡ್ಡ ಮನೆಗಳ ತುಳುನಾಡಿನ ಅಳಿಯಕಟ್ಟು ಪದ್ಧತಿಯಲ್ಲಿ ಹೆಣ್ಣಿನ ಸ್ಥಾನ ಭಿನ್ನವಾಗಿತ್ತೆಂಬುದೂ ನಿಜ. ಆದರೆ ಅಲ್ಲಿಯೂ ತೆಂಗು-ಅಡಿಕೆಯ ಲೆಕ್ಕ ಯಜಮಾನನ ಕೈಯಲ್ಲಿ, ಹಿತ್ತಿಲಿನ ಆಡಳಿತ ಹೆಂಗಸರ ಕೈಯಲ್ಲಿ ಇರುತ್ತಿತ್ತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಸ್ಥಿತಿಯನ್ನು ಬದಲಿಸಿತು. ಗೇಣಿದಾರರು ಉಳುವ ಭೂಮಿಯ ಒಡೆಯರಾದರು. ಪರರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದ ಕೃಷಿ ಕೂಲಿಕಾರರಿಗೂ ಆ ಮನೆ ಮತ್ತು ಅದರ ಸುತ್ತಲಿನ ಸ್ವಲ್ಪ ನೆಲದ ಒಡೆತನ ಪಡೆಯುವ ಅವಕಾಶ ಕಾನೂನಿನಲ್ಲಿ ದೊರೆಯಿತು. ಭೂಸುಧಾರಣೆಯ ಅಧ್ಯಯನಗಳು ಗದ್ದೆ ಮತ್ತು ತೋಟಗಳ ಎಕರೆಯ ಲೆಕ್ಕವನ್ನು ಮುಂದಿಡುತ್ತವೆ. ಆದರೆ ತನ್ನದೆಂದು ಹೇಳಬಹುದಾದ ಐದಾರು ಸೆಂಟ್ಸ್ ನೆಲದಲ್ಲಿ ಮೊದಲ ಬಾರಿಗೆ ತೆಂಗಿನ ಸಸಿಯೊಂದನ್ನು ನೆಟ್ಟು, ಮಣ್ಣಿನ ಬದಲು ಕಲ್ಲಿನ ತುಳಸಿಕಟ್ಟೆಯನ್ನು ಕಟ್ಟಿದ ಕುಟುಂಬದ ಅನುಭವ ಆ ಲೆಕ್ಕಗ್ರಂಥಗಳಲ್ಲಿ ಮೂಡುವುದಿಲ್ಲ.

ಮಲ್ಲಿಗೆ: ಹಿತ್ತಿಲಿನಿಂದ ತಾರಸಿಗೆ

ಮನೆತೋಟದ ಬೆಳೆ ಮಾರುಕಟ್ಟೆಯ ಬೆಳೆಯಾದ ವಿಶಿಷ್ಟ ಪ್ರಸಂಗ ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆಯದು. ಮನೆಯ ಸುತ್ತಣ ಜಾಗದಲ್ಲಿ ಕೆಲವೇ ಹತ್ತು ಗಿಡಗಳನ್ನು ಬೆಳೆಸಿ, ನಸುಕಿನಲ್ಲಿ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ನೇಯ್ದು ಮಾರುವುದು ಇಲ್ಲಿನ ಕ್ರಮ. ಲೆಕ್ಕದ ಅಳತೆಯೂ ತೂಕದ್ದಲ್ಲ, ಎಣಿಕೆಯದು: 800 ಮೊಗ್ಗುಗಳಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮದುವೆ, ಕೋಲ, ನಾಗಾರಾಧನೆಗಳ ದಿನಗಳಲ್ಲಿ ಏರಿ ಮಳೆಗಾಲದಲ್ಲಿ ಇಳಿಯುವ ಈ ದರ ಕರಾವಳಿಯ ಸಾಮಾಜಿಕ ಬದುಕಿನ ಮಾಪಕವೆಂಬಂತಿದೆ. ಉಡುಪಿ ಮಲ್ಲಿಗೆಗೂ, 2011ರಲ್ಲಿ ಮಟ್ಟು ಗುಳ್ಳಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದು ಗಮನಾರ್ಹ. ಸೋದೆಯ ವಾದಿರಾಜ ಯತಿಗಳು ಬೀಜ ಕೊಟ್ಟರೆಂಬ ಐತಿಹ್ಯವುಳ್ಳ ಮಟ್ಟು ಗುಳ್ಳ ಮತ್ತು ಹೆಂಗಸರ ಬೆರಳುಗಳಲ್ಲಿ ಬೆಳೆದ ಮಲ್ಲಿಗೆ ಇವೆರಡೂ ಒಂದು ಊರಿನ ಮಣ್ಣಿಗೆ, ಅಲ್ಲಿನವರ ಕೈಗುಣಕ್ಕೆ ಬದ್ಧವಾದ ಬೆಳೆಗಳು. ಹಿತ್ತಿಲಿನ ತಿಳಿವಳಿಕೆಯನ್ನು ಕಾನೂನು ಆಸ್ತಿಯೆಂದು ಒಪ್ಪಿಕೊಂಡ ಅಪರೂಪದ ಉದಾಹರಣೆಗಳಿವು.

ಇತ್ತೀಚಿನ ದಶಕಗಳಲ್ಲಿ ಮಂಗಳೂರು, ಉಡುಪಿಗಳ ಹಲವು ಮನೆಗಳಲ್ಲಿ ಈ ಮಲ್ಲಿಗೆ ತಾರಸಿಯ ಕುಂಡಗಳಿಗೆ ಏರಿದೆ. ಅಂಗಳಕ್ಕೆ ಸಿಮೆಂಟಿನ ಹಾಸು ಬಂದಿದೆ. ಕಾಂಕ್ರೀಟಿನ ಮಾಡಿನಿಂದಾಗಿ ಹಂಚಿನ ಬೇಡಿಕೆ ಕುಸಿದು ನದಿದಂಡೆಯ ಹಲವು ಕಾರ್ಖಾನೆಗಳು ಮುಚ್ಚಿವೆ. ಮಣ್ಣಿನ ಚಟ್ಟಿಯ ಜಾಗದಲ್ಲಿ ಬಣ್ಣದ ಡಬ್ಬಿ, ಪ್ಲಾಸ್ಟಿಕ್ ಬಕೆಟು, ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳು ಬಂದಿವೆ. ಸುಡುಮಣ್ಣಿನ ಜಾಗಕ್ಕೆ ತೆಂಗಿನ ನಾರಿನ ಪುಡಿ ಬಂದಿದೆ. ವಸ್ತು ಬದಲಾದರೂ ತರ್ಕ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು. ನೀರು ನಿಲ್ಲದಂತೆ ತಳಕ್ಕೆ ತೂತು, ಅದರ ಮೇಲೆ ಹಂಚಿನ ಚೂರು, ಮಳೆಗಾಲದಲ್ಲಿ ಸೂರಿನ ಆಸರೆ ಇವು ಒಡಕು ಮಡಕೆಯ ಕಾಲದ ವಿವೇಕವೇ ಆಗಿವೆ.

ಸಮಾರೋಪ

ಈ ಅವಲೋಕನದಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕರಾವಳಿಯಲ್ಲಿ ಕಟ್ಟೆ ಮತ್ತು ಕುಂಡಗಳು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಅತಿಮಳೆ, ಬಡ ಮಣ್ಣು ಮತ್ತು ಅಭದ್ರ ಒಡೆತನಗಳಿಗೆ ದೊರೆತ ಉತ್ತರವಾಗಿ ಅವು ರೂಪುಗೊಂಡವು. ಅವುಗಳ ಮೇಲಿನ ಕೆಂಪು-ಬಿಳಿಯ ಅಲಂಕಾರ ವಾರ್ಷಿಕ ದುರಸ್ತಿಯ ಭಾಗವಾಗಿತ್ತು. ಪರದೇಶದ ಗಿಡ ಮತ್ತು ಕಾರ್ಖಾನೆಯ ಕುಂಡ ಎರಡನ್ನೂ ಹಿತ್ತಿಲು ತನ್ನ ಪಂಚಾಂಗಕ್ಕೆ, ತನ್ನ ಬಣ್ಣಕ್ಕೆ ಒಗ್ಗಿಸಿಕೊಂಡಿತು.

ಅಂಕೋಲಾದ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿಗಳನ್ನು ಬೆಳೆಸಿ 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ, ಅಕ್ಷರ ಕಲಿಯದ ಹೆಣ್ಣಿನ ಸಸ್ಯಜ್ಞಾನಕ್ಕೆ ದೇಶದ ಮನ್ನಣೆ ದೊರೆಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬ ಅವರ ತಿಳಿವಳಿಕೆಯಲ್ಲಿ ಎಷ್ಟು ಭಾಗ ಬರಹಕ್ಕೆ ಇಳಿದಿದೆ ಎಂಬ ಪ್ರಶ್ನೆ ಸಂಶೋಧಕರ ಮುಂದೆ ಉಳಿಯುತ್ತದೆ. ಹೆಸರಿಲ್ಲದ ಸಾವಿರಾರು ಹಿತ್ತಿಲುಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು.

ಶಾಸನ ಕಲ್ಲಿನಲ್ಲಿ ಉಳಿಯುತ್ತದೆ. ಹಸ್ತಪ್ರತಿ ಓಲೆಯಲ್ಲಿ ಉಳಿಯುತ್ತದೆ. ಶೇಡಿಯ ಗೆರೆಯಾಗಲಿ ಬಸಳೆಯ ಬಳ್ಳಿಯಾಗಲಿ ಒಂದು ಮಳೆಗಾಲವನ್ನು ದಾಟಿ ಉಳಿಯಬೇಕಾದರೆ ಅದನ್ನು ಮರಳಿ ಮಾಡುವವರು ಬೇಕು. ಒಂದು ತಲೆಮಾರು ಕೈಬಿಟ್ಟರೆ ಇಲ್ಲಿ ಅವಶೇಷವೂ ಉಳಿಯುವುದಿಲ್ಲ. ಆದುದರಿಂದ ಊರೂರಿನ ಚೂಡಿಯಲ್ಲಿ ಸೇರುವ ಗಿಡಗಳ ಪಟ್ಟಿ, ತುಳಸಿಕಟ್ಟೆಯ ವಿನ್ಯಾಸಗಳು, ಸುಡುಮಣ್ಣು ಮಾಡುವ ಕ್ರಮ, ಹಳೆಯ ಕಾರ್ಖಾನೆಗಳ ಹೂಕುಂಡಗಳು ಇವನ್ನು ಬಲ್ಲವರು ಇರುವಾಗಲೇ ದಾಖಲಿಸುವುದು ಕರಾವಳಿಯ ಚರಿತ್ರೆಯ ಅಧ್ಯಯನದಲ್ಲಿ ತುರ್ತಾಗಿ ಆಗಬೇಕಾದ ಕೆಲಸವಾಗಿದೆ. ದಾಖಲೆಯೊಂದೇ ಸಾಲದು ಎಂಬುದೂ ಅಷ್ಟೇ ಸತ್ಯ. ಚಿತ್ರದಲ್ಲಿ ಉಳಿದ ಕಟ್ಟೆಗಿಂತ, ಮುಂದಿನ ಕಾರ್ತಿಕದಲ್ಲಿ ಮತ್ತೆ ಕೆಮ್ಮಣ್ಣು ಕಾಣುವ ಕಟ್ಟೆಯೇ ಈ ಚರಿತ್ರೆಯ ನಿಜವಾದ ಆಕರ.